ಕುಡುಗೋಲು ಕಣ ರೋಗ ಮತ್ತು ಕ್ರಿಸ್ಪರ್ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜೀವವಿಜ್ಞಾನ ಪಾಠ ಮಾಡುವುದು ನನ್ನ ವೃತ್ತಿ. ರಜೆಯ ದಿನಗಳಲ್ಲಿ ಹೆಗ್ಗಡದೇವನಕೋಟೆ, ಗುಂಡ್ಲುಪೇಟೆ ಕಡೆಯ ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಊರುಗಳಲ್ಲಿ, ರಕ್ತ ತಪಾಸಣಾ ಶಿಬಿರ ನಡೆದಾಗ ಹೆಸರು ಬರೆದುಕೊಳ್ಳಲು, ಫಲಿತಾಂಶ ಓದಿ ಹೇಳಲು ಹೋಗಿ ಕೂರುತ್ತೇನೆ. ‘ಜೀನ್ ತಿದ್ದಿ ರೋಗ ವಾಸಿ’ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಂದಿನಿಂದ ಶಿಬಿರಗಳಲ್ಲಿ, ಕಾಗದಗಳಲ್ಲಿ, ಬಸ್ ನಿಲ್ದಾಣದ ಮಾತುಕತೆಯಲ್ಲೂ ಅವೇ ಪ್ರಶ್ನೆಗಳು ಎದುರಾಗುತ್ತಿವೆ. ಕೇಳಿದವರ ಮಾತಿನಲ್ಲೇ ಅವುಗಳನ್ನು ಇಲ್ಲಿ ಇಟ್ಟಿದ್ದೇನೆ. ನಾನು ವೈದ್ಯ ವೃತ್ತಿಯಲ್ಲಿಲ್ಲ. ಔಷಧದ ಪ್ರಮಾಣ, ಚಿಕಿತ್ಸೆಯ ಆಯ್ಕೆ ಇವೆಲ್ಲ ನಿಮ್ಮ ವೈದ್ಯರೊಡನೆ ಕೂತು ತೀರ್ಮಾನಿಸಬೇಕಾದವು.

## ಮೊದಲು ರೋಗದ ವಿಚಾರ

ಸಿಕಲ್ ಸೆಲ್ ಅಂದರೆ ರಕ್ತ ಕಡಿಮೆ ಇರುವುದು ತಾನೇ? ಕಬ್ಬಿಣದ ಮಾತ್ರೆ ನುಂಗಿದರೆ ಸಾಲದೇ?

ಸಾಲದು. ಸಿಕಲ್ ಸೆಲ್ ಎಂದರೆ ಕುಡುಗೋಲು ಕಣ ರೋಗ. ಕಬ್ಬಿಣದ ಕೊರತೆಯಿಂದ ಬರುವ ರಕ್ತಹೀನತೆಯೇ ಬೇರೆ, ಇದೇ ಬೇರೆ. ನಮ್ಮ ಕೆಂಪು ರಕ್ತಕಣ ನಡುವೆ ತಗ್ಗಿರುವ ಮೆತ್ತನೆಯ ಬಿಲ್ಲೆಯಂತಿರುತ್ತದೆ. ತನಗಿಂತ ಕಿರಿದಾದ ನಾಳದಲ್ಲೂ ಮಡಚಿಕೊಂಡು ನುಸುಳಿ ಹೋಗುತ್ತದೆ. ಈ ರೋಗ ಇರುವವರಲ್ಲಿ ಆಮ್ಲಜನಕವನ್ನು ಇಳಿಸಿದ ಮೇಲೆ ಕಣ ಗಡುಸಾಗಿ, ಬಾಗಿ, ಕುಡುಗೋಲಿನ ಆಕಾರ ತಾಳುತ್ತದೆ. ಸಣ್ಣ ನಾಳಗಳಲ್ಲಿ ಇಂಥ ಕಣಗಳು ಒಂದಕ್ಕೊಂದು ಸಿಕ್ಕಿಕೊಂಡಾಗ ಅದರಾಚೆಯ ಮಾಂಸ, ಮೂಳೆಗಳಿಗೆ ಉಸಿರಿಲ್ಲದಂತಾಗುತ್ತದೆ. ಆಗ ಬರುವ ನೋವನ್ನು ಒಬ್ಬ ಹುಡುಗ ನನಗೆ ಹೀಗೆ ವಿವರಿಸಿದ: ‘ಮೂಳೆಯ ಒಳಗಿನಿಂದ ಯಾರೋ ಮೊಳೆ ಹೊಡೆಯುತ್ತಿದ್ದಾರೆ.’

ಸಾಮಾನ್ಯ ಕೆಂಪುಕಣ ಸುಮಾರು 120 ದಿನ ಬದುಕಿದರೆ ಇದು 10ರಿಂದ 20 ದಿನಗಳಲ್ಲಿ ಒಡೆದುಹೋಗುತ್ತದೆ. ರಕ್ತ ಕಡಿಮೆಯಾಗುವುದು ಆ ಕಾರಣಕ್ಕೆ. ಒಡೆದ ಕಣದ ಕಬ್ಬಿಣ ದೇಹದಲ್ಲೇ ಉಳಿಯುತ್ತದೆ, ಪದೇ ಪದೇ ರಕ್ತ ಹಾಕಿಸಿಕೊಂಡವರಲ್ಲಿ ಇನ್ನಷ್ಟು ಸೇರುತ್ತದೆ. ಆದ್ದರಿಂದ ರಕ್ತಪರೀಕ್ಷೆಯಲ್ಲಿ ಕಬ್ಬಿಣದ ಕೊರತೆ ಕಂಡರೆ ಮಾತ್ರ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಬೇಕು.

ಒಂದೇ ಒಂದು ಅಕ್ಷರ ತಪ್ಪಿದ್ದರಿಂದ ಇಷ್ಟೆಲ್ಲ ಆಗುತ್ತದೆ ಎನ್ನುತ್ತಾರೆ. ನಿಜವೇ?

ನಿಜ. ಕನ್ನಡದವರಿಗೆ ಇದನ್ನು ತಿಳಿಸುವುದು ಸುಲಭ. ‘ಹಾಲು’ ಎಂದು ಬರೆಯುವಲ್ಲಿ ‘ಹಾಳು’ ಎಂದು ಬರೆದರೆ ಏನಾಗುತ್ತದೆ? ಒಂದಕ್ಷರ ಬದಲಾಯಿತು, ಅರ್ಥವೇ ಕೆಟ್ಟಿತು. ಕೆಂಪುಕಣದಲ್ಲಿ ಆಮ್ಲಜನಕ ಹೊರುವ ಪ್ರೋಟೀನಾದ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಬರಹ 11ನೆಯ ಕ್ರೋಮೋಸೋಮಿನಲ್ಲಿದೆ. ಅದರ ಡಿಎನ್‌ಎ ಅಕ್ಷರಗಳಲ್ಲಿ ‘ಎ’ ಇರಬೇಕಾದ ಒಂದು ಕಡೆ ‘ಟಿ’ ಬಂದಿದೆ, ಅಷ್ಟೇ. ಅದರ ಫಲವಾಗಿ ಸರಪಳಿಯ ಆರನೆಯ ಕೊಂಡಿಯಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕೂರುತ್ತದೆ. ಗ್ಲುಟಾಮಿಕ್ ಆಮ್ಲ ನೀರಿನೊಡನೆ ಹೊಂದಿಕೊಳ್ಳುವಂಥದ್ದು. ವ್ಯಾಲೀನ್ ನೀರಿನಿಂದ ದೂರ ಸರಿಯುವಂಥದ್ದು, ಹಾಗಾಗಿ ಪಕ್ಕದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಒಂದಕ್ಕೊಂದು ಅಂಟಿ ಉದ್ದನೆಯ ನಾರುಗಳಾಗಿ ಕಣವನ್ನು ಒಳಗಿನಿಂದ ಬಾಗಿಸುತ್ತವೆ.

ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಈ ಬಾಗಿದ ಕಣಗಳ ಬಗ್ಗೆ 1910ರಲ್ಲಿ ಬರೆದರು. 1949ರಲ್ಲಿ ಲೀನಸ್ ಪೌಲಿಂಗ್ ಮತ್ತು ಸಂಗಡಿಗರು ಇದು ಅಣುವಿನ ಮಟ್ಟದ ರೋಗ ಎಂದು ತೋರಿಸಿದರು. ವರ್ನನ್ ಇಂಗ್ರಾಮ್ 1950ರ ದಶಕದಲ್ಲಿ ಆ ತಪ್ಪಿದ ಕೊಂಡಿಯನ್ನೇ ಹುಡುಕಿದರು. ಕಾರಣ ಗೊತ್ತಾಗಿ ಅರವತ್ತು ವರ್ಷ ಕಳೆದರೂ ಅದರ ಬುಡಕ್ಕೆ ಕೈಹಾಕುವ ಸಾಧನ ಇರಲಿಲ್ಲ. ಜೀನ್ ತಿದ್ದುವ ಸಾಧನವಾದ ಕ್ರಿಸ್ಪರ್ ಬಗ್ಗೆ ಇಷ್ಟು ಸಂಭ್ರಮ ಏಕೆಂದರೆ ಇದಕ್ಕೇ.

ಇದು ಕಾಡಿನ ಜನರಿಗೆ ಮಾತ್ರ ಬರುವ ಕಾಯಿಲೆಯೇ?

ಈ ಪ್ರಶ್ನೆಯ ಹಿಂದೆ ಕೆಲವೊಮ್ಮೆ ಕುತೂಹಲ, ಕೆಲವೊಮ್ಮೆ ತಾತ್ಸಾರ ಇರುತ್ತದೆ. ಎರಡಕ್ಕೂ ಉತ್ತರ ಒಂದೇ: ಇದು ಮಲೇರಿಯಾದ ಗುರುತು, ಜಾತಿಯ ಗುರುತಲ್ಲ. ತಪ್ಪು ಜೀನಿನ ಒಂದೇ ಪ್ರತಿ ಇದ್ದವರಿಗೆ ಮಾರಕ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ ಎಂದು 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕಾದ ಅಧ್ಯಯನದಿಂದ ತೋರಿಸಿದರು. ಮಲೇರಿಯಾ ಸಾವಿರಾರು ವರ್ಷ ಕಾಡಿದ ಆಫ್ರಿಕಾ, ಅರೇಬಿಯಾ, ಮೆಡಿಟರೇನಿಯನ್ ತೀರ, ಭಾರತ ಎಲ್ಲೆಡೆಯೂ ಈ ಜೀನ್ ಇದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಗುಂಡ್ಲುಪೇಟೆಯ ಗಡಿಯಾಚೆಯ ನೀಲಗಿರಿಯಲ್ಲಿ. ನಮ್ಮ ಸೋಲಿಗರಲ್ಲಿ, ಜೇನುಕುರುಬರಲ್ಲಿ, ಯರವರಲ್ಲಿ ಕಾಣುವಂತೆಯೇ ವಿದರ್ಭ, ಛತ್ತೀಸಗಢ, ಒಡಿಶಾಗಳಲ್ಲಿ ಆದಿವಾಸಿಗಳಲ್ಲದ ಅನೇಕ ಸಮುದಾಯಗಳಲ್ಲೂ ಇದೆ.

ರಿಪೋರ್ಟಿನಲ್ಲಿ ‘ಟ್ರೇಟ್’ ಎಂದು ಬಂದಿದೆ. ನಾನು ರೋಗಿಯೇ? ಮದುವೆ ಆಗಬಹುದೇ?

ರೋಗಿಯಲ್ಲ. ನೀವು ವಾಹಕರು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಪ್ರತಿ ಜೀನಿಗೆ ಎರಡು ಪ್ರತಿಗಳಿರುತ್ತವೆ. ನಿಮ್ಮಲ್ಲಿ ಒಂದು ಪ್ರತಿ ಸರಿಯಿದೆ, ಅದು ಸಾಕಷ್ಟು ಕೆಲಸ ಮಾಡುತ್ತದೆ. ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಬದುಕುತ್ತಾರೆ. ನೀರು ಕುಡಿಯದೆ ವಿಪರೀತ ಶ್ರಮ ಪಡುವುದು, ಬಹಳ ಎತ್ತರದ ಪ್ರದೇಶಕ್ಕೆ ಹೋಗುವುದು ಇಂಥ ಸಂದರ್ಭಗಳಲ್ಲಿ ಎಚ್ಚರವಿದ್ದರೆ ಸಾಕು.

ಮದುವೆಯನ್ನು ಖಂಡಿತ ಆಗಬಹುದು. ತಿಳಿದುಕೊಳ್ಳಬೇಕಾದದ್ದು ಸಂಗಾತಿಯ ಫಲಿತಾಂಶ. ಇಬ್ಬರಲ್ಲಿ ಒಬ್ಬರ ರಕ್ತ ಪೂರ್ತಿ ಸಹಜವಾಗಿದ್ದರೆ ಮಕ್ಕಳಿಗೆ ಈ ರೋಗ ಬರುವುದಿಲ್ಲ. ಇಬ್ಬರೂ ವಾಹಕರಾಗಿದ್ದರೆ ಗರ್ಭದ 10ರಿಂದ 12ನೆಯ ವಾರದಲ್ಲೇ ಪರೀಕ್ಷೆ ಮಾಡಿಸುವ ಅವಕಾಶವಿದೆ. ಒಂದು ಮಾತು ಕೋಪದಿಂದಲೇ ಹೇಳುತ್ತೇನೆ: ಚೀಟಿಯಲ್ಲಿ ‘ಟ್ರೇಟ್’ ಕಂಡ ಕೂಡಲೇ ಹೆಣ್ಣಿನ ಸಂಬಂಧವನ್ನು ಮುರಿದು, ಗಂಡಿನ ರಕ್ತವನ್ನು ಪರೀಕ್ಷೆಯನ್ನೇ ಮಾಡಿಸದೆ ಬಿಟ್ಟ ಮನೆಗಳನ್ನು ನೋಡಿದ್ದೇನೆ. ರೋಗದ ಜೀನ್ ಎರಡೂ ಕಡೆಯಿಂದ ಬಂದರೆ ಮಾತ್ರ ಮಗು ರೋಗಿಯಾಗುತ್ತದೆ. ದೂಷಿಸುವುದಕ್ಕೆ ಒಬ್ಬಳನ್ನೇ ಹುಡುಕುವುದು ಅನ್ಯಾಯ.

ಮೊದಲನೇ ಮಗುವಿಗೆ ಬಂದಿದೆ. ನಾಲ್ಕರಲ್ಲಿ ಒಂದು ಅಂದರೆ ಮುಂದಿನ ಮೂವರು ಪಾರು ತಾನೇ?

ಅಲ್ಲ. ಚೌಕಾಬಾರದ ಕವಡೆಗೆ ಹಿಂದಿನ ಎಸೆತದ ನೆನಪಿರುವುದಿಲ್ಲ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಹೊಸದಾಗಿ ಶೇ. 25ರಷ್ಟು ರೋಗದ, ಶೇ. 50ರಷ್ಟು ವಾಹಕತೆಯ, ಶೇ. 25ರಷ್ಟು ಪೂರ್ತಿ ಸಹಜ ರಕ್ತದ ಸಾಧ್ಯತೆ ಇರುತ್ತದೆ.

## ಕ್ರಿಸ್ಪರ್ ಎಂಬ ಸಾಧನ

ಕ್ರಿಸ್ಪರ್ ಅಂದರೆ ಔಷಧವೋ, ಯಂತ್ರವೋ?

ಬ್ಯಾಕ್ಟೀರಿಯಾಗಳಿಂದ ಎರವಲು ಪಡೆದ ಕತ್ತರಿ. ನಮಗೆ ವೈರಸ್ ಸೋಂಕು ತಗಲುವಂತೆ ಬ್ಯಾಕ್ಟೀರಿಯಾಗಳಿಗೂ ತಗಲುತ್ತದೆ. ಒಮ್ಮೆ ಬದುಕಿ ಉಳಿದ ಬ್ಯಾಕ್ಟೀರಿಯಾ ಆ ವೈರಸ್ಸಿನ ಡಿಎನ್‌ಎ ತುಣುಕೊಂದನ್ನು ತನ್ನ ಡಿಎನ್‌ಎಯಲ್ಲಿ ಸೇರಿಸಿಟ್ಟುಕೊಳ್ಳುತ್ತದೆ. ಕಾಡು ಬಲ್ಲವರು ಹೆಜ್ಜೆಗುರುತಿನಿಂದಲೇ ಆನೆಯನ್ನು ಗುರುತಿಸುವ ಹಾಗೆ, ಮತ್ತೆ ಅದೇ ವೈರಸ್ ಬಂದರೆ ಈ ತುಣುಕಿನ ಪ್ರತಿಯನ್ನು ಹಿಡಿದು ಕ್ಯಾಸ್ ಎಂಬ ಪ್ರೋಟೀನ್ ಅದನ್ನು ಪತ್ತೆಹಚ್ಚಿ ಕತ್ತರಿಸುತ್ತದೆ.

ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಮರುಕಳಿಸುವ ಈ ವಿಚಿತ್ರ ಸಾಲುಗಳನ್ನು ಜಪಾನಿನ ಒಸಾಕಾದಲ್ಲಿ ಯೋಷಿಝುಮಿ ಇಷಿನೊ ತಂಡ 1987ರಲ್ಲೇ ಕಂಡಿತ್ತು. ಏನೆಂದು ತಿಳಿಯಲಿಲ್ಲ. ಸ್ಪೇನಿನ ಉಪ್ಪಿನ ಮಡುಗಳಲ್ಲಿ ಬದುಕುವ ಸೂಕ್ಷ್ಮಜೀವಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಫ್ರಾನ್ಸಿಸ್ಕೊ ಮೊಹಿಕಾ, ಈ ಸಾಲುಗಳ ನಡುವಿನ ತುಣುಕುಗಳು ವೈರಸ್‌ಗಳವು ಎಂದು 2005ರಲ್ಲಿ ಪ್ರಕಟಿಸಿದರು. ಮೊಸರು, ಗಿಣ್ಣು ತಯಾರಿಸುವ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತಿದ್ದವರು 2007ರಲ್ಲಿ ಅದನ್ನು ಪ್ರಯೋಗದಿಂದ ಸಾಧಿಸಿ ತೋರಿಸಿದರು. ನಮಗೆ ಬೇಕಾದ ಜಾಗದ 20 ಅಕ್ಷರಗಳ ವಿಳಾಸವನ್ನು ಬರೆದುಕೊಟ್ಟರೆ ಕ್ಯಾಸ್9 ಅಲ್ಲಿಗೇ ಹೋಗಿ ಕತ್ತರಿಸುತ್ತದೆ ಎಂದು 2012ರಲ್ಲಿ ತೋರಿಸಿದ ಜೆನಿಫರ್ ಡೌಡ್ನಾ ಮತ್ತು ಎಮಾನ್ಯುಯೆಲ್ ಶಾರ್ಪೆಂಟಿಯೆ ಅವರಿಗೆ 2020ರ ರಸಾಯನವಿಜ್ಞಾನದ ನೊಬೆಲ್ ಬಂತು. ಉಪ್ಪುನೀರಿನ ಜೀವಿಗಳನ್ನು ಓದಿ ಏನು ಪ್ರಯೋಜನ ಎಂದು ಕೇಳುವ ನನ್ನ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ತಪ್ಪದೆ ಹೇಳುತ್ತೇನೆ.

ಹಾಗಾದರೆ ಆ ತಪ್ಪಾದ ಅಕ್ಷರವನ್ನೇ ತಿದ್ದುತ್ತಾರೆ, ಅಲ್ಲವೇ?

ಎಲ್ಲರೂ ಹಾಗೆಂದೇ ಭಾವಿಸುತ್ತಾರೆ. ಈಗ ಬಳಕೆಗೆ ಬಂದಿರುವ ಕ್ರಿಸ್ಪರ್ ಚಿಕಿತ್ಸೆ ಆ ಅಕ್ಷರವನ್ನು ಮುಟ್ಟುವುದೇ ಇಲ್ಲ. ಈ ಇಡೀ ವಿಷಯದಲ್ಲಿ ನನಗೆ ಬಹಳ ಸುಂದರವಾಗಿ ಕಾಣುವುದು ಇದೇ ಭಾಗ, ಸ್ವಲ್ಪ ಸಾವಧಾನವಾಗಿ ಹೇಳುತ್ತೇನೆ.

ಈ ರೋಗದ ಜೀನ್ ಹೊತ್ತು ಹುಟ್ಟಿದ ಕೂಸಿಗೆ ಮೊದಲ ಕೆಲವು ತಿಂಗಳು ಏನೂ ಆಗುವುದಿಲ್ಲ. ಈ ವಿಚಿತ್ರವನ್ನು 1948ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ ಗಮನಿಸಿದರು. ಕಾರಣ ಇಷ್ಟು: ಗರ್ಭದಲ್ಲಿರುವ ಮಗು ಬೇರೆಯೇ ಒಂದು ಹಿಮೋಗ್ಲೋಬಿನ್ ಬಳಸುತ್ತದೆ, ತಾಯಿಯ ರಕ್ತದಿಂದ ಆಮ್ಲಜನಕವನ್ನು ಸೆಳೆದುಕೊಳ್ಳಲು ಅದು ಹೇಳಿ ಮಾಡಿಸಿದಂತಿದೆ. ಇದನ್ನು ಭ್ರೂಣದ ಹಿಮೋಗ್ಲೋಬಿನ್ ಎನ್ನುತ್ತಾರೆ. ಅದರಲ್ಲಿ ಬೀಟಾ ಸರಪಳಿಯೇ ಇಲ್ಲ, ಹಾಗಾಗಿ ತಪ್ಪೂ ಇಲ್ಲ. ಹುಟ್ಟಿದ ಮೇಲೆ ಆರು ತಿಂಗಳ ಸುಮಾರಿಗೆ ದೇಹ ಹಳೆಯದನ್ನು ಬಹುಪಾಲು ನಿಲ್ಲಿಸಿ ದೊಡ್ಡವರ ಹಿಮೋಗ್ಲೋಬಿನ್ ತಯಾರಿಸತೊಡಗುತ್ತದೆ. ರೋಗ ಕಾಣಿಸಿಕೊಳ್ಳುವುದು ಆಗ.

ಲೋಕದಲ್ಲಿ ಕೆಲವರಿಗೆ ಮಾತ್ರ ಭ್ರೂಣದ ಹಿಮೋಗ್ಲೋಬಿನ್ ಜೀವನಪೂರ್ತಿ ಉಳಿದುಬಿಡುತ್ತದೆ. ಅಂಥವರಿಗೆ ಕುಡುಗೋಲು ಕಣದ ಜೀನ್ ಇದ್ದರೂ ನೋವು ಹತ್ತಿರ ಸುಳಿಯುವುದಿಲ್ಲ. ಅಂದರೆ ಆ ಹಳೆಯ ಕಾರ್ಖಾನೆಗೆ ಯಾರೋ ಬೀಗ ಹಾಕುತ್ತಿದ್ದಾರೆ, ಕೆಲವರಲ್ಲಿ ಬೀಗ ಬಿದ್ದಿಲ್ಲ. ಬೀಗ ಹಾಕುವುದು ಬಿಸಿಎಲ್11ಎ ಎಂಬ ಜೀನ್ ಎಂದು 2008ರಲ್ಲಿ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ಮತ್ತು ಸಂಗಡಿಗರು ತೋರಿಸಿದರು. ಆ ಜೀನನ್ನೇ ಕೆಡಿಸಿಬಿಡೋಣ ಎಂದರೆ ಅಪಾಯ, ಮಿದುಳಿಗೂ ರೋಗನಿರೋಧಕ ಕಣಗಳಿಗೂ ಅದು ಬೇಕು. ಆದರೆ ಕೆಂಪುಕಣಗಳಲ್ಲಿ ಮಾತ್ರ ಅದಕ್ಕೆ ಚಾಲನೆ ಕೊಡುವ ಪುಟ್ಟ ಗುಂಡಿಯೊಂದು ಪತ್ತೆಯಾಯಿತು. ಕ್ರಿಸ್ಪರ್ ಕತ್ತರಿಸುವುದು ಆ ಗುಂಡಿಯನ್ನು. ಗುಂಡಿ ಕೆಟ್ಟರೆ ಕೆಂಪುಕಣಗಳಲ್ಲಿ ಬೀಗ ಬೀಳುವುದಿಲ್ಲ, ನಾವು ಕೂಸಾಗಿದ್ದಾಗಿನ ಹಿಮೋಗ್ಲೋಬಿನ್ ಮತ್ತೆ ಹರಿಯತೊಡಗುತ್ತದೆ. ತಪ್ಪಾದ ಸರಪಳಿ ಇದ್ದೇ ಇರುತ್ತದೆ, ನಡುವೆ ಹಳೆಯ ಹಿಮೋಗ್ಲೋಬಿನ್ ಇರುವುದರಿಂದ ಅದಕ್ಕೆ ಉದ್ದನೆಯ ನಾರು ಕಟ್ಟಲು ಆಗುವುದಿಲ್ಲ.

ಒಂದು ಇಂಜೆಕ್ಷನ್ ಕೊಟ್ಟರೆ ಮುಗಿಯಿತು ಎಂದು ಕೇಳಿದ್ದೇನೆ. ಆಸ್ಪತ್ರೆಯಲ್ಲಿ ಏನೇನು ಮಾಡುತ್ತಾರೆ?

ಇದು ತಿಂಗಳುಗಟ್ಟಲೆಯ ಚಿಕಿತ್ಸೆ. ಮೊದಲು ರಕ್ತ ಬದಲಾವಣೆ. ಆಮೇಲೆ ಪ್ಲೆರಿಕ್ಸಾಫರ್ ಎಂಬ ಔಷಧ ಕೊಟ್ಟು ಅಸ್ಥಿಮಜ್ಜೆಯಲ್ಲಿರುವ ಆಕರಕೋಶಗಳನ್ನು, ಅಂದರೆ ಎಲ್ಲ ರಕ್ತಕಣಗಳಿಗೂ ಮೂಲವಾದ ಸ್ಟೆಮ್ ಸೆಲ್‌ಗಳನ್ನು, ರಕ್ತಕ್ಕೆ ಇಳಿಸಿ ಯಂತ್ರದ ಮೂಲಕ ಸೋಸಿ ತೆಗೆಯುತ್ತಾರೆ. ಸಾಕಷ್ಟು ಸಿಗುವವರೆಗೆ ಹಲವು ಬಾರಿ ಹೋಗಬೇಕಾಗಬಹುದು. ಆ ಕೋಶಗಳನ್ನು ಪ್ರಯೋಗಾಲಯಕ್ಕೆ ಕಳಿಸಿ, ವಿದ್ಯುತ್ ಮಿಡಿತದಿಂದ ಅವುಗಳ ಪೊರೆಯನ್ನು ಕ್ಷಣಕಾಲ ತೆರೆದು ಕ್ರಿಸ್ಪರ್ ಅನ್ನು ಒಳಗೆ ಸೇರಿಸುತ್ತಾರೆ. ಕತ್ತರಿಸಿದ ಕೋಶಗಳನ್ನು ಪರೀಕ್ಷೆ ಮಾಡಿ ಹೆಪ್ಪುಗಟ್ಟಿಸಿ ವಾಪಸು ತರುವುದಕ್ಕೆ ಆರು ತಿಂಗಳವರೆಗೂ ಹಿಡಿಯಬಹುದು.

ಕಷ್ಟದ ಭಾಗ ಇನ್ನು ಮುಂದೆ. ಮಜ್ಜೆಯಲ್ಲಿ ಉಳಿದಿರುವ ಹಳೆಯ ಕೋಶಗಳನ್ನು ತೆರವು ಮಾಡದೆ ಹೊಸವಕ್ಕೆ ಜಾಗವಿಲ್ಲ. ಅದಕ್ಕಾಗಿ ಬುಸಲ್ಫಾನ್ ಎಂಬ ಪ್ರಬಲ ಕೀಮೋಥೆರಪಿ ಕೊಡುತ್ತಾರೆ. ಕೂದಲು ಉದುರುತ್ತದೆ, ಬಾಯಿ ತುಂಬ ಹುಣ್ಣಾಗುತ್ತದೆ, ಸೋಂಕು ತಡೆಯುವ ಶಕ್ತಿ ಕೆಲವು ವಾರ ಇಲ್ಲವೇ ಇಲ್ಲ ಎನ್ನುವಷ್ಟು ಕುಸಿಯುತ್ತದೆ. ಮುಂದೆ ಮಕ್ಕಳಾಗದಿರುವ ಅಪಾಯವೂ ಇದೆ, ಆದ್ದರಿಂದ ವೀರ್ಯ ಅಥವಾ ಅಂಡವನ್ನು ಮೊದಲೇ ಕಾದಿರಿಸುವ ಬಗ್ಗೆ ಕೇಳಲೇಬೇಕು. ಕೊನೆಗೆ ತಿದ್ದಿದ ಕೋಶಗಳನ್ನು ರಕ್ತನಾಳಕ್ಕೆ ಹರಿಸುತ್ತಾರೆ. ನೀವು ಕೇಳಿದ ‘ಇಂಜೆಕ್ಷನ್’ ಇದು. ಆಮೇಲೆ ನಾಲ್ಕರಿಂದ ಆರು ವಾರ ಪ್ರತ್ಯೇಕ ಕೋಣೆಯಲ್ಲಿ ಇರಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಪೂರ್ತಿ ವಾಸಿಯಾಗುತ್ತದೆಯೇ?

ಬ್ರಿಟನ್ 2023ರ ನವೆಂಬರ್ 16ರಂದು, ಅಮೆರಿಕ ಅದೇ ಡಿಸೆಂಬರ್ 8ರಂದು ‘ಕ್ಯಾಸ್‌ಜೆವಿ’ ಎಂಬ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. 12 ವರ್ಷ ಮೇಲ್ಪಟ್ಟವರಿಗೆ. ಅಮೆರಿಕದ ಔಷಧ ಪ್ರಾಧಿಕಾರ ಪರಿಶೀಲಿಸಿದ ಅಂಕಿ ಅಂಶದಲ್ಲಿ, ಸಾಕಷ್ಟು ಕಾಲ ಗಮನಿಸಲಾದ 31 ರೋಗಿಗಳ ಪೈಕಿ 29 ಮಂದಿಗೆ ಕನಿಷ್ಠ 12 ತಿಂಗಳು ಸತತವಾಗಿ ತೀವ್ರ ನೋವಿನ ದಾಳಿ ಬರಲಿಲ್ಲ. ಪ್ರಯೋಗದ ಭಾಗವಾಗಿ 2019ರಲ್ಲಿ ಅಮೆರಿಕದಲ್ಲಿ ಮೊದಲಿಗರಾಗಿ ಚಿಕಿತ್ಸೆ ಪಡೆದ ವಿಕ್ಟೋರಿಯಾ ಗ್ರೇ 2023ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ನಿಂತು ತಮ್ಮ ಬದುಕು ಬದಲಾದ ಬಗೆಯನ್ನು ಹೇಳಿದರು.

ನೋವಿನಿಂದ ಬಿಡುಗಡೆ ಎನ್ನುವ ಅರ್ಥದಲ್ಲಿ ಇದು ವಾಸಿಗೆ ತುಂಬ ಹತ್ತಿರ. ಆದರೆ ಅಷ್ಟರಲ್ಲಿ ಸವೆದುಹೋದ ಸೊಂಟದ ಕೀಲು, ಹಾಳಾದ ಮೂತ್ರಪಿಂಡ ಇವನ್ನು ಅದು ಮರಳಿ ತರುವುದಿಲ್ಲ.

ಚಿಕಿತ್ಸೆ ಪಡೆದವರ ಮಕ್ಕಳಿಗೆ ಈ ರೋಗ ಬರುವುದಿಲ್ಲ, ಅಲ್ಲವೇ?

ಬರಬಹುದು. ತಿದ್ದುವುದು ರಕ್ತದ ಆಕರಕೋಶಗಳನ್ನು ಮಾತ್ರ. ವೀರ್ಯ, ಅಂಡಗಳಲ್ಲಿ ಹಳೆಯ ಬರಹವೇ ಇರುತ್ತದೆ. ಸಂಗಾತಿಯ ರಕ್ತಪರೀಕ್ಷೆ ಆಗಲೂ ಬೇಕು.

## ಹಣ ಮತ್ತು ನಮ್ಮ ದೇಶ

ಹದಿನೆಂಟು ಕೋಟಿ ರೂಪಾಯಿ ಅಂತೆ! ಏಕೆ ಇಷ್ಟು ದುಬಾರಿ?

ಅಮೆರಿಕದಲ್ಲಿ ಕ್ಯಾಸ್‌ಜೆವಿಗೆ ನಿಗದಿಪಡಿಸಿದ ಬೆಲೆ 22 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ಆಸ್ಪತ್ರೆಯ ಖರ್ಚು ಬೇರೆ. ಮಾತ್ರೆಯನ್ನಾದರೆ ಒಂದೇ ಸಲ ಲಕ್ಷಗಟ್ಟಲೆ ಅಚ್ಚು ಹಾಕಬಹುದು. ಇಲ್ಲಿ ಪ್ರತಿ ರೋಗಿಗೂ ಅವರದೇ ಕೋಶಗಳಿಂದ ಪ್ರತ್ಯೇಕ ಔಷಧ ತಯಾರಾಗಬೇಕು. ಧೂಳಿನ ಕಣವೂ ಇಲ್ಲದ ಕೋಣೆ, ನುರಿತ ಕೈಗಳು, ಪ್ರತಿ ಹಂತದಲ್ಲೂ ಪರೀಕ್ಷೆ, ಅದರ ಮೇಲೆ ಪೇಟೆಂಟಿನ ಹೊರೆ, ದಶಕದ ಸಂಶೋಧನೆಯ ವೆಚ್ಚ, ಕಂಪನಿಯ ಲಾಭ.

ಇದನ್ನು ಇಳಿಸಲಾಗದು ಎಂದು ನಾನು ನಂಬುವುದಿಲ್ಲ, ಕಾರಣ ನಮ್ಮಲ್ಲೇ ಉದಾಹರಣೆಗಳಿವೆ. ರೋಗಿಯ ಕೋಶಗಳನ್ನೇ ತಿದ್ದಿ ರಕ್ತದ ಕ್ಯಾನ್ಸರಿಗೆ ಕೊಡುವ ಕಾರ್-ಟಿ ಚಿಕಿತ್ಸೆ ವಿದೇಶದಲ್ಲಿ ಕೋಟಿಗಳ ಮಾತು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಾಗ ಬೆಲೆ ಅದರ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗವಾದ ಆಕರಕೋಶ ಸಂಶೋಧನಾ ಕೇಂದ್ರದವರು ಹಿಮೋಫಿಲಿಯಾ ‘ಎ’ ಇರುವ ಐವರಿಗೆ ಜೀನ್ ಚಿಕಿತ್ಸೆ ಕೊಟ್ಟ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಕೈಚಳಕ, ಜಾಣ್ಮೆ ಎರಡೂ ನಮ್ಮಲ್ಲಿವೆ.

‘ಬಿರ್ಸಾ 101’ ಅಂದರೆ ಏನು? ನಮ್ಮ ಮಗುವಿಗೆ ಈಗಲೇ ಸಿಗುತ್ತದೆಯೇ?

ದೆಹಲಿಯಲ್ಲಿರುವ, ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಜೀನೋಮಿಕ್ಸ್ ಸಂಸ್ಥೆ ಐಜಿಐಬಿ ಕುಡುಗೋಲು ಕಣ ರೋಗಕ್ಕೆಂದು ರೂಪಿಸಿದ ದೇಶೀಯ ಕ್ರಿಸ್ಪರ್ ಚಿಕಿತ್ಸೆ ಇದು. ಆದಿವಾಸಿ ಹೋರಾಟಗಾರ ಬಿರ್ಸಾ ಮುಂಡಾ ಅವರ 150ನೆಯ ಜನ್ಮವರ್ಷದ ಸಂದರ್ಭದಲ್ಲಿ, 2025ರ ನವೆಂಬರಿನಲ್ಲಿ ಘೋಷಿಸಿ, ತಂತ್ರಜ್ಞಾನವನ್ನು ಪುಣೆಯ ಸೀರಂ ಇನ್‌ಸ್ಟಿಟ್ಯೂಟಿಗೆ ಹಸ್ತಾಂತರಿಸಿದರು. ದೇಬಜ್ಯೋತಿ ಚಕ್ರವರ್ತಿ ಮತ್ತು ಸೌವಿಕ್ ಮೈತಿ ಅವರ ತಂಡ ಸಾಮಾನ್ಯ ಕ್ಯಾಸ್9 ಬದಲು ಫ್ರಾನ್ಸಿಸೆಲ್ಲಾ ನೊವಿಸಿಡಾ ಎಂಬ ಬೇರೆ ಬ್ಯಾಕ್ಟೀರಿಯಾದ ಕ್ಯಾಸ್9 ಮೇಲೆ ಕೆಲಸ ಮಾಡಿದೆ. ಅದು ಗುರಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು, ಆದರೆ ಮೂಲದಲ್ಲಿ ನಿಧಾನ. ಕಟ್ಟುನಿಟ್ಟು ಕೆಡದಂತೆ ಚುರುಕುಗೊಳಿಸಿದ್ದು ಈ ತಂಡದ ಸಾಧನೆ. ಕೋವಿಡ್ ಪತ್ತೆಹಚ್ಚಲು ಬಂದ ಫೆಲೂದಾ ಪರೀಕ್ಷೆಯ ಹಿಂದೆಯೂ ಇದೇ ತಂಡ ಇತ್ತು.

ಘೋಷಣೆ ಎಂದರೆ ಔಷಧದಂಗಡಿಯಲ್ಲಿ ಸಿಗುತ್ತದೆ ಎಂದಲ್ಲ. ಮನುಷ್ಯರ ಮೇಲಿನ ಪ್ರಯೋಗದ ಹಂತಗಳನ್ನು ಅದು ಒಂದೊಂದಾಗಿ ದಾಟಿ ಬರಬೇಕು. ಬುಸಲ್ಫಾನ್ ಕೊಟ್ಟು ವಾರಗಟ್ಟಲೆ ನೋಡಿಕೊಳ್ಳಬಲ್ಲ ಆಸ್ಪತ್ರೆಗಳೂ ಬೇಕು. ಕೋಶಗಳು ಅಗ್ಗವಾದ ಮಾತ್ರಕ್ಕೆ ಹಾಡಿಯಿಂದ ಅಂಥ ಕೋಣೆಯವರೆಗಿನ ದಾರಿ ಹತ್ತಿರವಾಗುವುದಿಲ್ಲ.

ಹೇಗಿದ್ದರೂ ಹೊಸ ಚಿಕಿತ್ಸೆ ಬರುತ್ತದೆ. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬಹುದೇ?

ದಯವಿಟ್ಟು ನಿಲ್ಲಿಸಬೇಡಿ. ಈ ಪುಟವನ್ನು ಬರೆಯಲು ಕೂತಿದ್ದೇ ಈ ಒಂದು ಪ್ರಶ್ನೆಯಿಂದ. ಸುದ್ದಿ ಓದಿದ ಅಣ್ಣನೊಬ್ಬ ‘ಇನ್ನು ಈ ಮಾತ್ರೆ ಏಕೆ’ ಎಂದು ತಂಗಿಯ ಹೈಡ್ರಾಕ್ಸಿಯೂರಿಯಾ ನಿಲ್ಲಿಸಿದ್ದ. ಮುಂದಿನ ಮಳೆಗಾಲದಲ್ಲಿ ಆ ಹುಡುಗಿ ಎರಡು ಸಲ ಆಸ್ಪತ್ರೆ ಸೇರಿದಳು.

ಹೈಡ್ರಾಕ್ಸಿಯೂರಿಯಾ ಕೂಡ ಭ್ರೂಣದ ಹಿಮೋಗ್ಲೋಬಿನ್ ಅನ್ನೇ ಹೆಚ್ಚಿಸುತ್ತದೆ. ಕೋಟಿಗಳ ಚಿಕಿತ್ಸೆ ಒಡೆಯುವ ಬೀಗದ ಬಾಗಿಲನ್ನು ಈ ಅಗ್ಗದ ಮಾತ್ರೆ ದಿನವೂ ತಟ್ಟಿ ಅಷ್ಟಿಷ್ಟು ತೆರೆಸುತ್ತದೆ. 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ನೋವಿನ ದಾಳಿಗಳು ಅದರಿಂದ ಸುಮಾರು ಅರ್ಧಕ್ಕೆ ಇಳಿದವು. ಆಗಾಗ ರಕ್ತಕಣಗಳ ಎಣಿಕೆ ಮಾಡಿಸಬೇಕು. ಬಸಿರಿನ ಯೋಚನೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು.

ಐದು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆರಡು ಬಾರಿ ಪೆನಿಸಿಲಿನ್, ನ್ಯುಮೊಕಾಕಲ್ ಲಸಿಕೆ, ಫೋಲಿಕ್ ಆಮ್ಲ ಇವು ಜೀವ ಉಳಿಸುತ್ತವೆ. ಈ ಮಕ್ಕಳ ಗುಲ್ಮ, ಅಂದರೆ ಸ್ಪ್ಲೀನ್, ಬೇಗ ಕೆಲಸ ನಿಲ್ಲಿಸುವುದರಿಂದ ಸಾಮಾನ್ಯ ಸೋಂಕೂ ಕೆಲವೇ ಗಂಟೆಗಳಲ್ಲಿ ಕೈಮೀರಬಹುದು. ಜ್ವರ 101 ಡಿಗ್ರಿ ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಹೊಟ್ಟೆಯ ಎಡಭಾಗ ಇದ್ದಕ್ಕಿದ್ದಂತೆ ಉಬ್ಬಿ ಮಗು ಬಿಳಿಚಿಕೊಂಡರೂ, ಮಾತು ತೊದಲಿದರೂ, ಕೈಕಾಲು ಸೋತರೂ, ಎದೆನೋವಿನೊಡನೆ ಏದುಸಿರು ಬಂದರೂ ಹಾಗೆಯೇ. ಚಳಿ ಮತ್ತು ನೀರಡಿಕೆ ನೋವನ್ನು ಎಬ್ಬಿಸುತ್ತವೆ. ಕಾಫಿ ತೋಟದಲ್ಲಿ ಮಳೆಗೆ ನೆನೆಯುತ್ತಾ ದುಡಿಯುವವರಿಗೆ ಒಣ ಬಟ್ಟೆ ಮತ್ತು ಬಿಸಿನೀರು ಔಷಧದಷ್ಟೇ ಮುಖ್ಯ.

ಸರ್ಕಾರದಿಂದ ಏನಾದರೂ ಸಹಾಯ ಇದೆಯೇ?

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ ನಡೆಯುತ್ತಿದೆ. 40 ವರ್ಷದೊಳಗಿನ 7 ಕೋಟಿ ಜನರನ್ನು ತಪಾಸಣೆ ಮಾಡುವುದು, 2047ರೊಳಗೆ ರೋಗವನ್ನು ನಿವಾರಿಸುವುದು ಅದರ ಗುರಿ. ತಪಾಸಣೆ ಉಚಿತ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯು ಗುರುತಿಸಿರುವ 21 ಅಂಗವೈಕಲ್ಯಗಳಲ್ಲಿ ಈ ರೋಗವೂ ಒಂದು, ಆದ್ದರಿಂದ ರೋಗ ಇರುವವರು ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ.

ಒಂದು ಕ್ಲಿನಿಕ್ಕಿನವರು ಸ್ಟೆಮ್ ಸೆಲ್ ಕೊಟ್ಟು ವಾಸಿ ಮಾಡುತ್ತೇವೆ, ಐದು ಲಕ್ಷ ತನ್ನಿ ಎನ್ನುತ್ತಾರೆ. ಕೊಡೋಣವೇ?

ಬೇಡ. ಈ ರೋಗಕ್ಕೆ ದೃಢಪಟ್ಟ ಆಕರಕೋಶ ಚಿಕಿತ್ಸೆ ಎಂದರೆ ಹೊಂದಾಣಿಕೆಯಾಗುವ ದಾನಿಯಿಂದ ಮಾಡುವ ಅಸ್ಥಿಮಜ್ಜೆ ಕಸಿ. ಒಡಹುಟ್ಟಿದ ಪ್ರತಿಯೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ಶೇ. 25. ಹೊಂದುವ ಅಕ್ಕನೋ ತಮ್ಮನೋ ಇದ್ದರೆ ಚಿಕ್ಕ ವಯಸ್ಸಿನಲ್ಲಿ ಅದು ಒಳ್ಳೆಯ ದಾರಿ, ದೊಡ್ಡ ಆಸ್ಪತ್ರೆಯ ರಕ್ತರೋಗ ವಿಭಾಗದಲ್ಲಿ ವಿಚಾರಿಸಿ. ದಾನಿಯೂ ಇಲ್ಲದೆ, ಕೀಮೋಥೆರಪಿಯೂ ಇಲ್ಲದೆ, ಒಂದು ಮಧ್ಯಾಹ್ನದಲ್ಲಿ ಚುಚ್ಚಿ ಕಳಿಸುತ್ತೇವೆ ಎನ್ನುವವರ ಬಳಿ ಚಿಕಿತ್ಸೆ ಇಲ್ಲ.

## ಇನ್ನಷ್ಟು ಆಳದ ಪ್ರಶ್ನೆಗಳು

ಮುನ್ನೂರು ಕೋಟಿ ಅಕ್ಷರಗಳ ನಡುವೆ ಕತ್ತರಿ ತಪ್ಪು ಜಾಗದಲ್ಲಿ ಬಿದ್ದರೆ?

ಬೀಳಬಹುದು. 20 ಅಕ್ಷರಗಳ ವಿಳಾಸಕ್ಕೆ ತುಂಬ ಹೋಲುವ ಇನ್ನೊಂದು ವಿಳಾಸ ಇದ್ದರೆ ಕ್ಯಾಸ್9 ಅಲ್ಲಿ ಮೋಸಹೋಗುತ್ತದೆ. ಅದಕ್ಕೇ ಇಡೀ ಜೀನೋಮನ್ನು ಕಂಪ್ಯೂಟರಿನಲ್ಲಿ ಜಾಲಾಡಿ ವಿಳಾಸ ಆರಿಸುತ್ತಾರೆ, ಕೋಶಗಳಲ್ಲಿ ಕತ್ತರಿಸಿ ನೋಡುತ್ತಾರೆ. ಸರಿಯಾದ ಜಾಗದಲ್ಲೇ ಕತ್ತರಿಸಿದರೂ ಕೆಲವೊಮ್ಮೆ ದೊಡ್ಡ ತುಂಡು ಕಳಚಬಹುದು. ಇಂಥ ಏಟಿನ ಪರಿಣಾಮ ಕ್ಯಾನ್ಸರ್ ಆಗಿ ಕಾಣಲು ವರ್ಷಗಳು ಬೇಕು. ಅದಕ್ಕಾಗಿ ಚಿಕಿತ್ಸೆ ಪಡೆದವರನ್ನು 15 ವರ್ಷ ಗಮನಿಸುವ ಏರ್ಪಾಡಿದೆ. ಅಮೆರಿಕದಲ್ಲಿ ಕ್ಯಾಸ್‌ಜೆವಿಯ ದಿನವೇ ಒಪ್ಪಿಗೆ ಪಡೆದ ‘ಲಿಫ್‌ಜೀನಿಯಾ’ ಕ್ರಿಸ್ಪರ್ ಅಲ್ಲ, ವೈರಸ್ ಮೂಲಕ ಹೊಸ ಜೀನ್ ಸೇರಿಸುವ ಚಿಕಿತ್ಸೆ. ಅದರ ಮಾಹಿತಿ ಪತ್ರದಲ್ಲಿ ರಕ್ತದ ಕ್ಯಾನ್ಸರಿನ ಎಚ್ಚರಿಕೆಯನ್ನು ಚೌಕಟ್ಟು ಹಾಕಿ ಮುದ್ರಿಸಲಾಗಿದೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಕತ್ತರಿಸದೆಯೇ ಅಕ್ಷರ ತಿದ್ದುವ ವಿಧಾನ ಬಂದಿದೆ ಎನ್ನುತ್ತಾರೆ. ಅದರಲ್ಲಾದರೂ ಮೂಲ ತಪ್ಪು ಸರಿಯಾಗುತ್ತದೆಯೇ?

ಅದು ಬೇಸ್ ಎಡಿಟಿಂಗ್. ಡೇವಿಡ್ ಲಿಯು ಅವರ ಪ್ರಯೋಗಾಲಯ 2016 ಮತ್ತು 2017ರಲ್ಲಿ ರೂಪಿಸಿದ್ದು. ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸದೆ, ಒಂದು ಅಕ್ಷರವನ್ನು ರಾಸಾಯನಿಕವಾಗಿ ಇನ್ನೊಂದಾಗಿಸುತ್ತದೆ. ಆದರೆ ಯಾವ ಅಕ್ಷರವನ್ನು ಬೇಕಾದರೂ ಯಾವುದಕ್ಕೆ ಬೇಕಾದರೂ ಬದಲಿಸಲು ಇದಕ್ಕೆ ಬಾರದು. ಕುಡುಗೋಲು ಕಣದ ‘ಟಿ’ಯನ್ನು ಮತ್ತೆ ‘ಎ’ ಮಾಡಲು ಆಗದು, ‘ಸಿ’ ಮಾಡಬಹುದು. ಆಗ ವ್ಯಾಲೀನ್ ಜಾಗದಲ್ಲಿ ಅಲನೀನ್ ಬರುತ್ತದೆ. ಇಂಡೊನೇಷ್ಯಾದ ಮಕಾಸ್ಸರ್ ಊರಿನ ಹೆಸರು ಹೊತ್ತ ಇಂಥ ಹಿಮೋಗ್ಲೋಬಿನ್ ನಿಸರ್ಗದಲ್ಲೇ ಇದೆ, ಅದು ಕಣವನ್ನು ಬಾಗಿಸುವುದಿಲ್ಲ. ಹಾಳು ಎಂಬುದನ್ನು ಮತ್ತೆ ಹಾಲು ಮಾಡಲಾಗದಿದ್ದರೇನು, ಹಾಡು ಮಾಡಬಹುದು. ಇಲಿಗಳಲ್ಲಿ ಇದು ಫಲಿಸಿದ್ದನ್ನು 2021ರಲ್ಲಿ ಪ್ರಕಟಿಸಿದರು. ಲಿಯು ತಂಡವೇ 2019ರಲ್ಲಿ ರೂಪಿಸಿದ ಪ್ರೈಮ್ ಎಡಿಟಿಂಗ್‌ಗೆ ಮೂಲ ಅಕ್ಷರವನ್ನೇ ಮರಳಿ ಬರೆಯುವ ಶಕ್ತಿ ಇದೆ.

ಅಮೆರಿಕದಲ್ಲಿ ಒಂದು ಮಗುವಿಗೆ ಆರೇ ತಿಂಗಳಲ್ಲಿ ಔಷಧ ಮಾಡಿದರಂತೆ. ನಮಗೇಕೆ ಹಾಗೆ ಮಾಡುವುದಿಲ್ಲ?

ಫಿಲಡೆಲ್ಫಿಯಾದಲ್ಲಿ 2025ರಲ್ಲಿ ನಡೆದದ್ದು. ಅಮೋನಿಯಾವನ್ನು ದೇಹದಿಂದ ಹೊರಹಾಕಲಾಗದ ಅಪರೂಪದ ಯಕೃತ್ತಿನ ದೋಷವಿದ್ದ ಕೂಸಿಗೆ, ಅದರ ತಪ್ಪಿಗೆ ಮಾತ್ರ ಹೊಂದುವ ಬೇಸ್ ಎಡಿಟರ್ ಅನ್ನು ರೆಬೆಕಾ ಆರೆನ್ಸ್-ನಿಕ್ಲಾಸ್ ಮತ್ತು ಕಿರಣ್ ಮುಸುನೂರು ಅವರ ತಂಡ ತಯಾರಿಸಿ ರಕ್ತನಾಳದ ಮೂಲಕ ಕೊಟ್ಟಿತು. ಕೀಮೋಥೆರಪಿ ಬೇಕಾಗಲಿಲ್ಲ. ಔಷಧ ತುಂಬಿದ ಕೊಬ್ಬಿನ ಸೂಕ್ಷ್ಮ ಗುಳಿಗೆಗಳು ರಕ್ತಕ್ಕೆ ಬಿದ್ದೊಡನೆ ತಾವಾಗಿ ಯಕೃತ್ತಿಗೆ ಹೋಗಿ ಸೇರುತ್ತವೆ, ಹಾಗಾಗಿ ಸಾಧ್ಯವಾಯಿತು. ರಕ್ತದ ಆಕರಕೋಶಗಳು ಮೂಳೆಯೊಳಗೆ ಅಡಗಿವೆ. ಅಲ್ಲಿಗೇ ನೇರವಾಗಿ ಹೋಗಿ ತಲುಪುವ ಗುಳಿಗೆಗಾಗಿ ಜಗತ್ತಿನ ಅನೇಕ ಪ್ರಯೋಗಾಲಯಗಳು ದುಡಿಯುತ್ತಿವೆ. ಅದು ಕೈಗೂಡಿದರೆ ಬುಸಲ್ಫಾನ್ ಬೇಡ, ಆರು ವಾರದ ಕೋಣೆ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲೂ ಕೊಡಬಹುದಾದ ಚಿಕಿತ್ಸೆ ಎಂದು ನಾನು ಆಸೆಪಡುವುದು ಅದನ್ನೇ.

ಭ್ರೂಣದಲ್ಲೇ ತಿದ್ದಿಬಿಟ್ಟರೆ ವಂಶದಿಂದಲೇ ಹೋಗುತ್ತದಲ್ಲ?

ಚೀನಾದ ಹೆ ಜಿಯಾನ್‌ಕುಯಿ ಭ್ರೂಣಗಳನ್ನು ತಿದ್ದಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಎಂದು 2018ರಲ್ಲಿ ಘೋಷಿಸಿದಾಗ ವಿಜ್ಞಾನಲೋಕವೇ ಸಿಡಿದೆದ್ದಿತು. 2019ರ ಕೊನೆಯಲ್ಲಿ ಅವರಿಗೆ ಮೂರು ವರ್ಷ ಜೈಲಾಯಿತು. ಅಲ್ಲಿ ಆಗುವ ತಪ್ಪು ದೇಹದ ಎಲ್ಲ ಕೋಶಗಳಿಗೂ, ಮುಂದಿನ ಪೀಳಿಗೆಗಳಿಗೂ ಹರಿಯುತ್ತದೆ, ಒಪ್ಪಿಗೆ ಕೇಳಲು ಆ ಮಗು ಇನ್ನೂ ಹುಟ್ಟಿರುವುದಿಲ್ಲ. ವಾಹಕ ದಂಪತಿಗೆ ರೋಗವಿಲ್ಲದ ಮಗು ಪಡೆಯುವ ಬೇರೆ ದಾರಿಗಳು ಈಗಾಗಲೇ ಇರುವಾಗ ಇದರ ಅಗತ್ಯವೂ ಇಲ್ಲ.

ಆದಿವಾಸಿಗಳ ಮೇಲೆ ಪ್ರಯೋಗ ಮಾಡಲು ಹೊರಟಿದ್ದಾರೆ ಎಂದು ನಮ್ಮ ಹಿರಿಯರು ಹೆದರುತ್ತಾರೆ. ಏನು ಹೇಳಲಿ?

ಅವರ ಹೆದರಿಕೆಗೆ ಇತಿಹಾಸದ ಕಾರಣವಿದೆ, ಅದನ್ನು ಅಜ್ಞಾನ ಎನ್ನಬೇಡಿ. ಬಡವರನ್ನು ಕೇಳದೆ ಪ್ರಯೋಗಕ್ಕೆ ಒಡ್ಡಿದ ಉದಾಹರಣೆಗಳು ಹಲವು ದೇಶಗಳಲ್ಲಿವೆ. ಆದರೆ ಪ್ರಯೋಗದಿಂದ ದೂರ ಉಳಿದರೆ ಔಷಧ ನಮ್ಮ ರಕ್ತಕ್ಕೆ ಹೊಂದುತ್ತದೆಯೇ ಎಂಬುದೂ ತಿಳಿಯುವುದಿಲ್ಲ. ಭಾರತದ ರೋಗಿಗಳಲ್ಲಿ ಬಹುಪಾಲು ಮಂದಿಗೆ ಇರುವ ಜೀನಿನ ಹಿನ್ನೆಲೆ ಆಫ್ರಿಕನ್ ಮೂಲದವರದಕ್ಕಿಂತ ಬೇರೆ, ಭ್ರೂಣದ ಹಿಮೋಗ್ಲೋಬಿನ್ ಮಟ್ಟವೂ ಅದರಲ್ಲಿ ಸಾಮಾನ್ಯವಾಗಿ ಹೆಚ್ಚು.

ಆದ್ದರಿಂದ ಹಕ್ಕು ತಿಳಿದು ಮುಂದುವರಿಯಿರಿ. 2019ರ ಹೊಸ ಔಷಧ ಮತ್ತು ಪ್ರಯೋಗ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಅನುಮತಿ ಇಲ್ಲದೆ ಯಾವ ಪ್ರಯೋಗವೂ ನಡೆಯುವಂತಿಲ್ಲ, ಸಿಟಿಆರ್‌ಐ ಎಂಬ ಸಾರ್ವಜನಿಕ ದಾಖಲೆಯಲ್ಲಿ ಅದರ ನೋಂದಣಿ ಇರಲೇಬೇಕು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು. ಪ್ರಯೋಗದ ಔಷಧಕ್ಕೆ ನಿಮ್ಮಿಂದ ಹಣ ಕೇಳಿದರೆ ಎದ್ದು ಬನ್ನಿ. ಯಾವ ಹಂತದಲ್ಲೂ ಬೇಡ ಎನ್ನುವ ಸ್ವಾತಂತ್ರ್ಯ ನಿಮಗಿದೆ, ಹಾಗೆಂದು ಮಾಮೂಲಿ ಚಿಕಿತ್ಸೆಯನ್ನು ಯಾರೂ ನಿಲ್ಲಿಸುವಂತಿಲ್ಲ. ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು, ಮನೆಯಲ್ಲಿ ಜೇನುನುಡಿಯನ್ನೋ ಸೋಲಿಗನುಡಿಯನ್ನೋ ಆಡುವವರಿಗೆ ಪುಸ್ತಕದ ಕನ್ನಡದಲ್ಲಿ ಬರೆದುಕೊಟ್ಟರೆ ಸಾಲದು. ಸಹಿ ಹಾಕುವ ಮೊದಲು ಆ ಕಾಗದವನ್ನು ಹಾಡಿಗೆ ತನ್ನಿ, ಹಿರಿಯರ ಮುಂದೆ ಓದು ಬಲ್ಲವರಿಂದ ಗಟ್ಟಿಯಾಗಿ ಓದಿಸಿ, ಅರ್ಥವಾಗದ ಸಾಲುಗಳಿಗೆ ಗೆರೆ ಹಾಕಿ. ಗೆರೆ ಹಾಕಿದ ಒಂದೊಂದು ಸಾಲಿಗೂ ವೈದ್ಯರು ಉತ್ತರ ಹೇಳಿದ ಮೇಲೆ ಸಹಿ.